ಗ್ರಾಫಿಕ್ಸ್ ಕಾರ್ಡಿಗೆ ಸಿಲ್ವರ್ ಓಕ್ ಕಂಬ

ಹಾಸನದ ಸಾಲಗಾಮೆ ರಸ್ತೆಯ ಪಕ್ಕದಲ್ಲಿ ನನ್ನದೊಂದು ಪುಟ್ಟ ಎಡಿಟಿಂಗ್ ರೂಮಿದೆ. ಮದುವೆ, ನಾಮಕರಣ, ಗೃಹಪ್ರವೇಶದ ವಿಡಿಯೊ ಜೋಡಿಸಿ ಕೊಡುವುದು ಕೆಲಸ. ಡಾವಿಂಚಿ ರಿಸಾಲ್ವ್‌ನಲ್ಲಿ ಎಡಿಟ್ ಮಾಡುತ್ತೇನೆ. ಕಂಪ್ಯೂಟರಿನಲ್ಲಿ ಚಿತ್ರ, ವಿಡಿಯೊದ ಲೆಕ್ಕ ಮಾಡುವ ಗ್ರಾಫಿಕ್ಸ್ ಕಾರ್ಡನ್ನು ಚೆನ್ನಾಗಿ ದುಡಿಸುವ ಸಾಫ್ಟ್‌ವೇರ್ ಅದು. ಛತ್ರದ ಮಂಕು ಬೆಳಕಿನಲ್ಲಿ ತೆಗೆದ 4ಕೆ ವಿಡಿಯೊದ ನಾಯ್ಸ್, ಅಂದರೆ ಕಾಳುಕಾಳಾಗಿ ಕಾಣುವ ಚುಕ್ಕೆಗಳನ್ನು, ತೆಗೆಯಲು ಹೊರಟರೆ ನನ್ನ ಹಳೆಯ ಕಾರ್ಡಿನ ಕೈಲಿ ಆಗುತ್ತಿರಲಿಲ್ಲ. 2016ರಲ್ಲಿ ಬಂದ ಜಿಟಿಎಕ್ಸ್ 1050 ಟಿಐ ಅದು. ಒಂದೇ ಫ್ಯಾನು, ಅಂಗೈ ಉದ್ದಕ್ಕಿಂತ ಅಷ್ಟೇನೂ ದೊಡ್ಡದಲ್ಲ, ಅರ್ಧ ಕೆಜಿಯೂ ತೂಗುತ್ತಿರಲಿಲ್ಲ. ಅದನ್ನು ತೆಗೆದು ಆರ್‌ಟಿಎಕ್ಸ್ 4070 ಟಿಐ ಹಾಕಿದೆ. ಇದಕ್ಕೆ ಮೂರು ಫ್ಯಾನು, ಉದ್ದ 33 ಸೆಂ.ಮೀ. ಅಡುಗೆಮನೆಯ ತೂಕದ ಮಷೀನಿನ ಮೇಲೆ ಇಟ್ಟರೆ 1 ಕೆಜಿ 600 ಗ್ರಾಂ ಹತ್ತಿರ ತೋರಿಸಿತು.

ಕೆಲಸದ ವಿಷಯದಲ್ಲಿ ಹೊಸ ಕಾರ್ಡು ಮಾತೇ ಆಡುವ ಹಾಗಿಲ್ಲ, ಅಷ್ಟು ಚೆನ್ನಾಗಿದೆ. ಆದರೆ ಕಂಪ್ಯೂಟರ್ ಡಬ್ಬಿಯ, ಅಂದರೆ ಕ್ಯಾಬಿನೆಟ್‌ನ, ಗಾಜಿನ ಬಾಗಿಲಿನಿಂದ ನೋಡಿದಾಗೆಲ್ಲ ಕಣ್ಣಿಗೆ ಒಂದು ವಿಷಯ ಚುಚ್ಚುತ್ತಿತ್ತು. ಕೆಳಗೆ ಕರೆಂಟು ಹಂಚುವ ಪೆಟ್ಟಿಗೆಯನ್ನು, ಅಂದರೆ ಎಸ್‌ಎಂಪಿಎಸ್ ಅನ್ನು, ಮುಚ್ಚುವ ತಗಡಿನ ಅಂಚು ನೇರವಾಗಿದೆ. ಅದರ ಮೇಲೆ ಕಾರ್ಡು ಮಾತ್ರ ವಾರೆಯಾಗಿ ನಿಂತಿದೆ. ಹಿಂದಿನ ತುದಿ ಮೇಲೆ, ಮುಂದಿನ ತುದಿ ಕೆಳಗೆ. ಸ್ಕೇಲ್ ಹಿಡಿದು ಎರಡೂ ತುದಿಯಿಂದ ತಗಡಿನವರೆಗೆ ಅಳೆದೆ. ಮುಂದಿನ ತುದಿ 6 ಮಿ.ಮೀ. ಇಳಿದಿತ್ತು. ಕಾರ್ಡು ಮದರ್‌ಬೋರ್ಡ್ ಎನ್ನುವ ಮುಖ್ಯ ಬೋರ್ಡಿನಿಂದ ಹೊರಕ್ಕೆ ಚಾಚಿರುವ ಕಡೆಗೂ ಸ್ವಲ್ಪ ವಾಲಿತ್ತು. ಅಂದರೆ ಅತಿ ಹೆಚ್ಚು ಇಳಿದಿದ್ದು ಮುಂದಿನ ಹೊರಮೂಲೆ. ಇದನ್ನೇ ಕಾರ್ಡು ಜೋತುಬೀಳುವುದು ಅನ್ನುತ್ತಾರೆ.

ಹೀಗೇಕೆ ಆಗುತ್ತದೆ ಎಂದು ತಿಳಿಯಲು ಕಾರ್ಡನ್ನು ಯಾರು ಯಾರು ಹಿಡಿದುಕೊಂಡಿದ್ದಾರೆ ಅಂತ ನೋಡಿದರೆ ಸಾಕು. ಹಿಂಬದಿಯ ತಗಡಿನ ಪಟ್ಟಿಯನ್ನು ಎರಡು ಸ್ಕ್ರೂ ಹಾಕಿ ಕ್ಯಾಬಿನೆಟ್‌ಗೆ ಬಿಗಿದಿರುತ್ತಾರೆ. ಕಾರ್ಡನ್ನು ಸಿಕ್ಕಿಸುವ ಮದರ್‌ಬೋರ್ಡಿನ ಉದ್ದನೆಯ ಸೀಳು, ಅಂದರೆ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್, ಇನ್ನೊಂದು ಹಿಡಿತ. ಸ್ಲಾಟಿನ ತುದಿಯಲ್ಲಿ ಕಾರ್ಡಿನ ಕೊಕ್ಕೆಯನ್ನು ಕಚ್ಚಿಕೊಳ್ಳುವ ಪ್ಲಾಸ್ಟಿಕ್ ಲಾಕ್ ಮೂರನೆಯದು. ಈ ಮೂರೂ ಇರುವುದು ಕಾರ್ಡಿನ ಹಿಂದಿನ ಭಾಗದಲ್ಲೇ. ಸ್ಲಾಟಿನ ಉದ್ದ ಸುಮಾರು 9 ಸೆಂ.ಮೀ. ಅಷ್ಟೇ. ಅಲ್ಲಿಂದ ಮುಂದಕ್ಕೆ ನನ್ನ ಕಾರ್ಡು ಸುಮಾರು ಇಪ್ಪತ್ತು ಸೆಂ.ಮೀ. ಗಾಳಿಯಲ್ಲೇ ನಿಂತಿದೆ. ಇಡೀ ತೂಕ ಆ ಎರಡು ಸ್ಕ್ರೂ ಮತ್ತು ಒಂದು ಸ್ಲಾಟಿನ ಮೇಲೆ.

ಸ್ಲಾಟ್ ಮಾಡಿದವರನ್ನು ದೂರುವಂತಿಲ್ಲ. ಪಿಸಿಐ ಎಕ್ಸ್‌ಪ್ರೆಸ್ ಬಂದ 2003-04ರ ಹೊತ್ತಿಗೆ ಕಾರ್ಡುಗಳು ಇಷ್ಟು ದಪ್ಪ ಇರಲಿಲ್ಲ. ಅದಕ್ಕೂ ಹಿಂದೆ, ಮಾನಿಟರನ್ನು ಮೇಲೆ ಕೂರಿಸುತ್ತಿದ್ದ ಅಡ್ಡ ಡಬ್ಬಿಗಳು ಇದ್ದವಲ್ಲ, ಅವುಗಳಲ್ಲಿ ಮದರ್‌ಬೋರ್ಡ್ ಮಲಗಿರುತ್ತಿತ್ತು, ಕಾರ್ಡು ನೆಟ್ಟಗೆ ನಿಂತಿರುತ್ತಿತ್ತು. ಜೋತುಬೀಳುವ ಪ್ರಶ್ನೆಯೇ ಇರಲಿಲ್ಲ. ಡಬ್ಬಿಯನ್ನು ನಿಲ್ಲಿಸಿ ಟವರ್ ಮಾಡಿದ ಮೇಲೆ ಕಾರ್ಡು ಅಡ್ಡಕ್ಕೆ ಬಂತು. ಆಮೇಲೆ ಕರೆಂಟು ಜಾಸ್ತಿ ಆಗುತ್ತಾ ಹೋಯಿತು. ನನ್ನ ಹಳೆಯ 1050 ಟಿಐ 75 ವ್ಯಾಟ್‌ನಲ್ಲಿ ಓಡುತ್ತಿತ್ತು. ಸ್ಲಾಟ್ ಒಂದೇ ಅಷ್ಟು ಕೊಡಬಲ್ಲದು, ಬೇರೆ ಕೇಬಲ್ ಬೇಕಿರಲಿಲ್ಲ. 4070 ಟಿಐ 285 ವ್ಯಾಟ್ ಕೇಳುತ್ತದೆ. ಅದೇ ಸಾಲಿನ ದೊಡ್ಡ ಕಾರ್ಡು 4090 ಕೇಳುವುದು 450. ಆ ಶಾಖವನ್ನೆಲ್ಲ ಹೊರಗೆ ಹಾಕಲು ತಾಮ್ರದ ಕೊಳವೆ, ಸಾಲುಸಾಲು ಅಲ್ಯೂಮಿನಿಯಂ ರೆಕ್ಕೆಗಳು ಬೇಕು. ಕಾರ್ಡಿನ ತೂಕ ಅಂದರೆ ಮುಕ್ಕಾಲು ಪಾಲು ಅದೇ. ಈ ಕಾರ್ಡುಗಳ ಚಿಪ್ ಮಾಡುವ ಎನ್ವಿಡಿಯಾ ಕಂಪನಿ ತಾನೇ ಮಾಡಿ ಮಾರಿದ 4090 ಕಾರ್ಡು 2 ಕೆಜಿ ದಾಟುತ್ತದೆ.

ಇದರಿಂದ ನಿಜವಾಗಿಯೂ ಏನಾದರೂ ಹಾಳಾಗುತ್ತದಾ? ನಾನು ಮೊದಲು ಕೇಳಿಕೊಂಡ ಪ್ರಶ್ನೆ ಇದು. ಉತ್ತರ ಸಿಕ್ಕಿದ್ದು ಊರಲ್ಲೇ ಲ್ಯಾಪ್‌ಟಾಪ್ ಬೋರ್ಡುಗಳನ್ನು ಚಿಪ್ ಲೆವೆಲ್‌ನಲ್ಲಿ ರಿಪೇರಿ ಮಾಡುವ ಹುಡುಗನೊಬ್ಬನ ಟೇಬಲ್ ಮೇಲೆ. ಯಾರದೋ ದೊಡ್ಡ ಗ್ರಾಫಿಕ್ಸ್ ಕಾರ್ಡು ಕೂಲರ್ ಬಿಚ್ಚಿಸಿಕೊಂಡು ಬರಿ ಬೋರ್ಡಾಗಿ ಮಲಗಿತ್ತು. ದೀಪವಿರುವ ಭೂತಗನ್ನಡಿಯನ್ನು ನನ್ನ ಕಡೆಗೆ ತಿರುಗಿಸಿ, “ಇಲ್ಲಿ ನೋಡಿ ಅಣ್ಣ, ಚಿನ್ನದ ಬಣ್ಣದ ಹಲ್ಲುಗಳು ಮುಗಿಯೋ ಜಾಗ, ಕೊಕ್ಕೆ ಪಕ್ಕ. ಗೆರೆ ಕಾಣ್ತಿದೆಯಾ?” ಅಂದ. ಮೊದಲಿಗೆ ಏನೂ ಕಾಣಲಿಲ್ಲ. ಅವನು ಬೋರ್ಡನ್ನು ಒಂಚೂರು ಓರೆ ಮಾಡಿದ. ಬೆಳಕು ಬಿದ್ದ ಕೋನ ಬದಲಾದ ಕೂಡಲೇ ಕಪ್ಪು ಬಣ್ಣದ ಮೇಲೆ ಬೆಳ್ಳಗಿನ ಸಣ್ಣ ಬಿರುಕು ಎದ್ದು ಬಂತು. ಕೊಕ್ಕೆಯ ಒಳಮೂಲೆಯಿಂದ ಶುರುವಾಗಿ ಬೋರ್ಡಿನೊಳಕ್ಕೆ ಓರೆಯಾಗಿ ಹೋಗಿತ್ತು. ಅದರ ದಾರಿಯಲ್ಲಿದ್ದ ತಾಮ್ರದ ಎಳೆಗಳೆಲ್ಲ ತುಂಡಾಗಿದ್ದವು.

ಬಿರುಕು ಅಲ್ಲೇ ಏಕೆ ಬಂತು ಎನ್ನುವುದನ್ನೂ ಅವನೇ ವಿವರಿಸಿದ. ಸ್ಲಾಟಿನೊಳಗೆ ಕೂತ ಭಾಗ ಅಲುಗಾಡುವುದಿಲ್ಲ. ಹೊರಗಿನ ಭಾಗ ಕೆಳಕ್ಕೆ ಎಳೆಯುತ್ತದೆ. ಎರಡೂ ಸೇರುವ ಕಡೆ ಬೋರ್ಡನ್ನು ಕೊಕ್ಕೆಗಾಗಿ ಕತ್ತರಿಸಿರುತ್ತಾರೆ. ಎಳೆತವೆಲ್ಲ ಆ ಮೂಲೆಗೆ ಬಂದು ಸೇರುತ್ತದೆ. ಬೋರ್ಡು ಮೇಲೆ ಕಾಣುವ ಒಂದೇ ಪದರವೂ ಅಲ್ಲ. ಒಳಗೆ ಪದರದ ಮೇಲೆ ಪದರ ಇರುತ್ತದೆ, ಪ್ರತಿಯೊಂದರಲ್ಲೂ ತಾಮ್ರದ ದಾರಿಗಳಿರುತ್ತವೆ. ಮೇಲಿನದನ್ನು ಕೆರೆದು ತೆಳು ತಂತಿ ಬೆಸೆಯಬಹುದು, ಒಳಗಿನದು ತುಂಡಾದರೆ ಕಷ್ಟ. ಇನ್ನೊಂದು ತೊಂದರೆ ಚಿಪ್‌ಗಳ ಅಡಿಯದು. ಮುಖ್ಯ ಚಿಪ್ಪು, ಮೆಮೊರಿ ಚಿಪ್ಪು ಎಲ್ಲ ಬೋರ್ಡಿನ ಮೇಲೆ ಕೂತಿರುವುದು ಸಾಸಿವೆಗಿಂತಲೂ ಚಿಕ್ಕ ಸೋಲ್ಡರ್ ಗುಂಡುಗಳ ಮೇಲೆ. ಬೋರ್ಡು ಬಾಗಿದರೆ ಚಿಪ್ಪು ಬಾಗುವುದಿಲ್ಲ, ಮೂಲೆಯ ಗುಂಡುಗಳು ಎಳೆತಕ್ಕೆ ಸಿಗುತ್ತವೆ. ಬಾಗಿದ ಬೋರ್ಡು ದಿನಾ ಕಾದು, ರಾತ್ರಿ ಆರಿ, ಮತ್ತೆ ಕಾಯುತ್ತದೆ. ಹಾಗಾಗುತ್ತಾ ಗುಂಡು ಬಿರಿಯಬಹುದು.

ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ಜೋತುಬಿದ್ದ ಕಾರ್ಡುಗಳೆಲ್ಲ ಹಾಳಾಗುವುದಿಲ್ಲ. ವರ್ಷಗಟ್ಟಲೆ ವಾರೆಯಾಗಿಯೇ ಇದ್ದು ಚೆನ್ನಾಗಿ ಓಡುತ್ತಿರುವ ಕಾರ್ಡುಗಳು ಎಷ್ಟೋ ಇವೆ. ಸಣ್ಣ ಕಾರ್ಡು ಇಟ್ಟುಕೊಂಡವರು ಸುಮ್ನೆ ಹೆದರಿಕೊಳ್ಳುವುದು ಬೇಡ. ಆದರೆ ಒಂದು ಒಳ್ಳೆಯ ಲೆನ್ಸಿನ ಬೆಲೆ ಕೊಟ್ಟು ತಂದ, ನನ್ನ ಹೊಟ್ಟೆಪಾಡು ನಡೆಸುವ ವಸ್ತು ಇದು. ಆ ಬಿರುಕನ್ನು ಕಣ್ಣಾರೆ ಕಂಡ ಮೇಲೆ ಹಾಗೇ ಬಿಡಲು ಮನಸ್ಸು ಒಪ್ಪಲಿಲ್ಲ. ಗೊನೆ ಬಿಟ್ಟ ಬಾಳೆ ಬಾಗಿದರೆ ಬೀಳುವವರೆಗೂ ಯಾರೂ ಕಾಯುವುದಿಲ್ಲ, ಕವೆಗೋಲು ಕೊಡುತ್ತೇವೆ ಅಲ್ವಾ?

ನನ್ನ ಮದರ್‌ಬೋರ್ಡಿನ ಸ್ಲಾಟಿಗೆ ಸ್ಟೀಲಿನ ಕವಚ ಇದೆ. ಅದು ಇದ್ದರೆ ಸಾಕು ಅಂತ ಕೆಲವರು ಅಂದರು. ಕವಚ ಕಾಯುವುದು ಸ್ಲಾಟನ್ನು. ಸ್ಲಾಟು ಬೋರ್ಡಿನಿಂದ ಕಿತ್ತು ಬರದ ಹಾಗೆ, ಪ್ಲಾಸ್ಟಿಕ್ ಒಡೆಯದ ಹಾಗೆ ನೋಡಿಕೊಳ್ಳುತ್ತದೆ. ಕಾರ್ಡು ಬಾಗುವುದನ್ನು ಅದು ತಡೆಯುವುದಿಲ್ಲ. ಸ್ಲಾಟು ಗಟ್ಟಿಯಾದಷ್ಟೂ ಎಳೆತ ಕಾರ್ಡಿನ ಮೇಲೇ ಉಳಿಯುತ್ತದೆ. ಕಾರ್ಡಿನ ಬೆನ್ನಿಗಿರುವ ಲೋಹದ ತಟ್ಟೆಯೂ ಅಷ್ಟೇ, ಸ್ವಲ್ಪ ಬಿಗಿ ಕೊಡುತ್ತದೆ, ಪೂರ್ತಿ ಅಲ್ಲ.

ದಾರಿಗಳು ಹಲವಿದ್ದವು. ಅಂಗಡಿಯಲ್ಲಿ ಸಿಗುವ ಸ್ಟ್ಯಾಂಡ್ ಒಂದು. ತಿರುಗಿಸಿ ಎತ್ತರ ಹೆಚ್ಚುಕಡಿಮೆ ಮಾಡುವ ಸಣ್ಣ ಲೋಹದ ಕೋಲು, ಅಡಿಯಲ್ಲಿ ಆಯಸ್ಕಾಂತ. ಸರಳವಾದ, ಒಳ್ಳೆಯ ವಸ್ತು. ತಗಡು ಕಬ್ಬಿಣದ್ದಾಗಿದ್ದರೆ ಆಯಸ್ಕಾಂತ ಚೆನ್ನಾಗಿ ಹಿಡಿಯುತ್ತದೆ, ಅಲ್ಯೂಮಿನಿಯಂ ಕ್ಯಾಬಿನೆಟ್ ಆದರೆ ಹಿಡಿಯುವುದಿಲ್ಲ. ಇನ್ನೊಂದು, ಕಾರ್ಡಿನ ಕೆಳಗಿನ ಖಾಲಿ ಸ್ಲಾಟುಗಳ ಜಾಗಕ್ಕೆ ಸ್ಕ್ರೂ ಹಾಕಿ ಕೂರಿಸುವ ಉದ್ದನೆಯ ಕೈ. ಕೆಲವು ದೊಡ್ಡ ಕಾರ್ಡುಗಳ ಡಬ್ಬಿಯಲ್ಲೇ ಅದನ್ನು ಕೊಡುತ್ತಾರೆ. ನನ್ನ ಡಬ್ಬಿಯಲ್ಲಿ ಇರಲಿಲ್ಲ. ಅದರ ಕೈಯೂ ಹಿಂಭಾಗದಿಂದಲೇ ಚಾಚಿಕೊಂಡಿರುವುದರಿಂದ ತೂಕಕ್ಕೆ ತಾನೂ ಸ್ವಲ್ಪ ಬಾಗುತ್ತದೆ. ಮೇಲಿನಿಂದ ತಂಗೂಸಿ ಕಟ್ಟಿ ಎತ್ತುವ ಉಪಾಯವನ್ನು ಗೆಳೆಯನೊಬ್ಬ ಮಾಡಿದ್ದಾನೆ. ಕಣ್ಣಿಗೆ ಕಾಣುವುದೇ ಇಲ್ಲ, ಅಂದವಾಗಿದೆ. ಆದರೆ ನೈಲಾನ್ ದಾರ ಭಾರಕ್ಕೆ, ಬಿಸಿಗೆ ನಿಧಾನವಾಗಿ ಹಿಗ್ಗುತ್ತದೆ. ಆಗಾಗ ಬಿಗಿಯಬೇಕು.

ಕಾರ್ಡನ್ನು ನೆಟ್ಟಗೆ ನಿಲ್ಲಿಸಿ, ರೈಸರ್ ಕೇಬಲ್ ಮೂಲಕ ಮದರ್‌ಬೋರ್ಡಿಗೆ ಜೋಡಿಸುವುದನ್ನು ಜಾಸ್ತಿ ಯೋಚಿಸಿದೆ. ನೋಡಲು ಅದರಷ್ಟು ಚಂದ ಬೇರೆ ಇಲ್ಲ. ಬಿಟ್ಟಿದ್ದಕ್ಕೆ ಕಾರಣ ಎರಡು. ನನ್ನ ಕ್ಯಾಬಿನೆಟ್‌ನಲ್ಲಿ ಹಾಗೆ ನಿಲ್ಲಿಸಿದರೆ ಫ್ಯಾನುಗಳು ಗಾಜಿಗೆ ತೀರಾ ಹತ್ತಿರ ಬರುತ್ತವೆ, ಗಾಳಿ ಎಳೆಯಲು ಜಾಗ ಸಾಲದು. ಎಡಿಟ್ ಮುಗಿದ ವಿಡಿಯೊವನ್ನು ತಾಸುಗಟ್ಟಲೆ ರೆಂಡರ್‌ಗೆ, ಅಂದರೆ ಕೊನೆಯ ಫೈಲ್ ಆಗಲು, ಇಡುವ ನನ್ನಂಥವನಿಗೆ ಅದು ಆಗದ ಮಾತು. ಜೊತೆಗೆ ರೈಸರ್ ಕೇಬಲ್ ಕಾರ್ಡಿನ ವೇಗಕ್ಕೆ ತಕ್ಕದ್ದೇ ಇರಬೇಕು. ನಾಲ್ಕನೇ ಪೀಳಿಗೆಯ ಪಿಸಿಐ ಎಕ್ಸ್‌ಪ್ರೆಸ್ ಕಾರ್ಡಿಗೆ ಮೂರನೆಯದರ ಕೇಬಲ್ ಹಾಕಿದರೆ ಪರದೆ ಬರದೇ ಇರಬಹುದು, ಆಗ ಮದರ್‌ಬೋರ್ಡಿನ ಸೆಟ್ಟಿಂಗ್‌ಗಳಿರುವ ಬಯೋಸ್‌ಗೆ ಹೋಗಿ ವೇಗ ಇಳಿಸಬೇಕು. ಒಂದು ತೊಂದರೆ ಬಿಡಿಸಲು ಹೋಗಿ ಇನ್ನೊಂದನ್ನು ಮೈಮೇಲೆ ಎಳೆದುಕೊಳ್ಳುವುದು ಬೇಡ ಅನ್ನಿಸಿತು.

ಕ್ಯಾಬಿನೆಟ್ಟನ್ನೇ ಮಲಗಿಸಿಬಿಟ್ಟರೆ ಖರ್ಚೇ ಇಲ್ಲ. ಕಾರ್ಡು ತಾನಾಗಿ ನೆಟ್ಟಗಾಗುತ್ತದೆ. ಟೇಬಲ್ ದೊಡ್ಡದಿದ್ದವರು ಧಾರಾಳವಾಗಿ ಹಾಗೆ ಮಾಡಬಹುದು. ನನ್ನ ಟೇಬಲ್ ಮೇಲೆ ಎರಡು ಮಾನಿಟರ್, ಸ್ಪೀಕರ್, ಹಾರ್ಡ್ ಡಿಸ್ಕ್‌ಗಳ ಸಾಲು. ಜಾಗ ಇರಲಿಲ್ಲ.

ಕೊನೆಗೆ ಕೆಳಗಿನಿಂದ ಒಂದು ಕಂಬ ಕೊಡುವುದು ಅಂತ ತೀರ್ಮಾನಿಸಿದೆ, ಅದೂ ಮರದ್ದು. ಒಣ ಮರದಲ್ಲಿ ಕರೆಂಟು ಹರಿಯುವುದಿಲ್ಲ. ಜಾರಿ ಬಿದ್ದರೂ ಶಾರ್ಟ್ ಆಗುವುದಿಲ್ಲ. ಎತ್ತರವನ್ನು ನನ್ನ ಕಾರ್ಡಿಗೆ ಸರಿಯಾಗಿ ಇಟ್ಟುಕೊಳ್ಳಬಹುದು.

ಕಂಬಕ್ಕೂ ಮುಂಚೆ ಮಾಡಬೇಕಾದ ಕೆಲಸ ಒಂದಿದೆ. ಇಡೀ ಪ್ರಕ್ರಿಯೆಯಲ್ಲಿ ಅತಿ ಮುಖ್ಯವಾದದ್ದು ಇದೇ ಅಂತ ನಾನು ಹೇಳುತ್ತೇನೆ. ಕಾರ್ಡನ್ನು ಬಿಚ್ಚಿ ಮತ್ತೆ ಸರಿಯಾಗಿ ಕೂರಿಸುವುದು.

ಕಂಪ್ಯೂಟರ್ ಆಫ್ ಮಾಡಿ, ಗೋಡೆಯ ಪ್ಲಗ್ ಕಿತ್ತೆ. ಒಳಗೆ ಉಳಿದ ಕರೆಂಟು ಖಾಲಿಯಾಗಲಿ ಅಂತ ಪವರ್ ಬಟನ್ ಒತ್ತಿ ಹಿಡಿದೆ. ಗಾಜು ತೆಗೆದಿಟ್ಟು, ಕ್ಯಾಬಿನೆಟ್ಟನ್ನು ಜಮಖಾನದ ಮೇಲೆ ಮಲಗಿಸಿದೆ. ಒಳಗೆ ಕೈ ಹಾಕುವ ಮುಂಚೆ ಕ್ಯಾಬಿನೆಟ್‌ನ ಬಣ್ಣವಿಲ್ಲದ ಲೋಹವನ್ನು ಮುಟ್ಟಿಕೊಂಡೆ, ಮೈಯಲ್ಲಿರುವ ಸ್ಥಿರ ವಿದ್ಯುತ್ತು ಚಿಪ್ಪಿಗೆ ಹೋಗದಿರಲಿ ಅಂತ. ಪವರ್ ಕೇಬಲ್ ಬಿಚ್ಚಿ, ಹಿಂದಿನ ಎರಡೂ ಸ್ಕ್ರೂ ತೆಗೆದೆ. ಇನ್ನು ಲಾಕ್. ಈ ದಪ್ಪ ಕಾರ್ಡುಗಳಲ್ಲಿ ಲಾಕ್ ಇರುವ ಸಂದಿಗೆ ಬೆರಳು ಹೋಗುವುದೇ ಇಲ್ಲ. ಸ್ಕ್ರೂಡ್ರೈವರ್ ತೂರಿಸಬೇಡಿ. ಜಾರಿದರೆ ಮದರ್‌ಬೋರ್ಡಿನ ಗೆರೆಗಳು ಕಿತ್ತುಹೋಗುತ್ತವೆ. ಚಪ್ಪಟೆ ಮಾಡಿಕೊಂಡ ಬಿದಿರು ಕಡ್ಡಿಯಿಂದ ಲಾಕ್ ಒತ್ತಿದೆ. ಟಿಕ್ ಅಂತ ಸದ್ದಾಯಿತು. ಆಮೇಲೆ ಕಾರ್ಡನ್ನು ನೇರವಾಗಿ ಮೇಲಕ್ಕೆ ಎತ್ತಿದೆ. ಲಾಕ್ ಬಿಡದೆ ಎಳೆಯಲು ಹೋದರೆ ಮುರಿಯುವುದು ಆ ಕೊಕ್ಕೆಯ ಜಾಗವೇ, ಬಿರುಕು ಕಂಡೆನಲ್ಲ, ಅಲ್ಲೇ.

ಹಲ್ಲುಗಳನ್ನು ಒಣ ಬ್ರಷ್‌ನಿಂದ ಒರೆಸಿದೆ. ಸ್ಲಾಟಿನಲ್ಲಿ ಕೂತಿದ್ದ ಧೂಳು ಊದಿದೆ, ಬಾಯಿಂದಲ್ಲ, ಕ್ಯಾಮೆರಾ ಲೆನ್ಸ್ ಶುಚಿ ಮಾಡುವ ರಬ್ಬರ್ ಬ್ಲೋವರ್‌ನಿಂದ. ಬಾಯಿಯ ಗಾಳಿಯಲ್ಲಿ ತೇವ ಇರುತ್ತದೆ. ಕ್ಯಾಬಿನೆಟ್ ಮಲಗಿದ್ದಾಗಲೇ ಕಾರ್ಡನ್ನು ನೇರವಾಗಿ ಒತ್ತಿ ಕೂರಿಸಿದೆ, ಲಾಕ್ ಮತ್ತೆ ಟಿಕ್ ಅಂದಿತು. ಸ್ಕ್ರೂ ಬಿಗಿಯುವುದೂ ಈಗಲೇ. ಇಲ್ಲೇ ಇರುವುದು ಗುಟ್ಟು. ಹಿಂಬದಿಯ ಪಟ್ಟಿಯ ಸ್ಕ್ರೂ ತೂತುಗಳು ಸ್ಕ್ರೂಗಿಂತ ತುಸು ದೊಡ್ಡದಾಗಿರುತ್ತವೆ. ಕ್ಯಾಬಿನೆಟ್ ನಿಂತಿರುವಾಗ ಬಿಗಿದರೆ ಕಾರ್ಡು ಆಗಲೇ ಇಳಿದಿರುತ್ತದೆ, ಇಳಿದ ಕೋನದಲ್ಲೇ ಸ್ಕ್ರೂ ಅದನ್ನು ಹಿಡಿದುಬಿಡುತ್ತದೆ. ಮಲಗಿಸಿದಾಗ ಕಾರ್ಡಿನ ತೂಕ ಸ್ಲಾಟಿನೊಳಕ್ಕೆ ನೇರವಾಗಿ ಇಳಿಯುತ್ತದೆ, ವಾಲುವುದಿಲ್ಲ. ಆಗ ಪಟ್ಟಿಯನ್ನು ಚೌಕಟ್ಟಿಗೆ ಸರಿಯಾಗಿ ಕೂರಿಸಿ ಬಿಗಿಯಬಹುದು. ಎರಡೂ ಸ್ಕ್ರೂಗಳನ್ನು ಅರ್ಧರ್ಧ ತಿರುಗಿಸಿ, ಒಂದಾದ ಮೇಲೆ ಒಂದರಂತೆ ಬಿಗಿದೆ.

ಎತ್ತಿ ನಿಲ್ಲಿಸಿ ಅಳೆದೆ. 6 ಮಿ.ಮೀ. ಇದ್ದ ಇಳಿತ 3ಕ್ಕೆ ಬಂದಿತ್ತು. ಕಂಬ ಇಲ್ಲದೆಯೇ ಅರ್ಧ ಕೆಲಸ ಆಗಿತ್ತು. ನನ್ನಷ್ಟು ಭಾರವಿಲ್ಲದ ಕಾರ್ಡಿನವರಿಗೆ ಇಷ್ಟೇ ಸಾಕಾಗಬಹುದು.

ಪವರ್ ಕೇಬಲ್ ಬಗ್ಗೆ ಒಂದು ಎಚ್ಚರಿಕೆ. ಈ ಕಾರ್ಡಿನಲ್ಲಿರುವುದು 16 ಪಿನ್ನುಗಳ ಹೊಸ ಕನೆಕ್ಟರ್. 2022ರ ಕೊನೆಯಲ್ಲಿ ಕೆಲವು 4090 ಕಾರ್ಡುಗಳಲ್ಲಿ ಇದೇ ಕನೆಕ್ಟರ್ ಕರಗಿದ ಸುದ್ದಿ ಬಂತು. ಪೂರ್ತಿ ಒಳಗೆ ಕೂರದಿದ್ದದ್ದು ಸಾಮಾನ್ಯ ಕಾರಣ ಎಂದು ಎನ್ವಿಡಿಯಾ ಹೇಳಿತು. ಹಾಗಾಗಿ ಒತ್ತಿ ಕೂರಿಸಿ, ಸುತ್ತಲೂ ಸಂದಿ ಇಲ್ಲವೆಂದು ಟಾರ್ಚ್ ಬಿಟ್ಟು ನೋಡಿದೆ. ಕನೆಕ್ಟರಿನಿಂದ ಹೊರಬಂದ ಕೂಡಲೇ ಕೇಬಲ್ ಬಾಗದ ಹಾಗೆ ಮೂರ್ನಾಲ್ಕು ಸೆಂ.ಮೀ. ನೇರವಾಗಿ ಬಿಟ್ಟೆ. ಜೋತುಬಿದ್ದ ಕೇಬಲ್ ಕೂಡ ಕಾರ್ಡಿನ ಹೊರ ಅಂಚನ್ನು ಕೆಳಕ್ಕೆ ಎಳೆಯುತ್ತದೆ. ಅದನ್ನು ಮೇಲಕ್ಕೆ ತಂದು ಕ್ಯಾಬಿನೆಟ್‌ನ ಚೌಕಟ್ಟಿಗೆ ಸಡಿಲವಾಗಿ ಕಟ್ಟಿದೆ.

ಇನ್ನು ಕಂಬ. ಎಲ್ಲಿ ನಿಲ್ಲಬೇಕು ಎನ್ನುವುದು ಎತ್ತರದಷ್ಟೇ ಮುಖ್ಯ. ಕಾರ್ಡಿನ ಅಡಿಯಲ್ಲಿ ಜಾಸ್ತಿ ಜಾಗವನ್ನು ಫ್ಯಾನುಗಳೇ ಆಕ್ರಮಿಸಿವೆ. ಕಂಬದ ತಲೆ ಅವುಗಳ ಸುತ್ತಿನೊಳಗೆ ಬರಲೇಬಾರದು. ತುದಿಯಲ್ಲಿ, ಮದರ್‌ಬೋರ್ಡಿನಿಂದ ದೂರದ ಮೂಲೆಯಲ್ಲಿ, ಹೊರಕವಚದ ಚೌಕಟ್ಟು ಬೆರಳಗಲ ಗಟ್ಟಿಯಾಗಿದೆ. ಒತ್ತಿದರೆ ಅಲುಗುವುದಿಲ್ಲ. ಅಲ್ಲಿ ಗುರುತು ಹಾಕಿಕೊಂಡೆ. ಕೆಳಗಿನ ತುದಿ ನಿಲ್ಲುವುದು ಎಸ್‌ಎಂಪಿಎಸ್ ಮುಚ್ಚುವ ತಗಡಿನ ಮೇಲೆ. ಆ ತಗಡು ತೆಳು, ಗಾಳಿಗೆಂದು ತೂತುಗಳೂ ಇವೆ. ನಡುವೆ ಬೆರಳಿಟ್ಟು ಒತ್ತಿದರೆ ತಗ್ಗುತ್ತದೆ. ಅಂಚಿನಲ್ಲಿ ಅದನ್ನು ಮಡಚಿರುವ ಕಡೆ ತಗ್ಗುವುದಿಲ್ಲ. ಪುಣ್ಯಕ್ಕೆ ನನ್ನ ಗುರುತಿನ ನೇರ ಕೆಳಗೆ ಆ ಮಡಿಕೆಯೇ ಇತ್ತು.

ಎತ್ತರ ಅಳೆಯಲು ಎರಡು ಐಸ್‌ಕ್ರೀಂ ಕಡ್ಡಿಗಳನ್ನು ಒಂದರ ಮೇಲೊಂದು ಇಟ್ಟು ಹಿಡಿದೆ. ಒಂದರ ತುದಿ ತಗಡಿಗೆ, ಇನ್ನೊಂದರದ್ದು ಕಾರ್ಡಿಗೆ ತಾಗಿಸಿದೆ. ಎಡಗೈಯಿಂದ ಕಾರ್ಡನ್ನು ಮಟ್ಟಕ್ಕೆ ಎತ್ತಿ ಹಿಡಿದು, ಕಡ್ಡಿಗಳು ಜಾರಿ ಸಂದಿ ತುಂಬಿದಾಗ ಟೇಪ್ ಸುತ್ತಿದೆ. ಮಟ್ಟ ನೋಡಲು ಸಣ್ಣ ರಸಮಟ್ಟವನ್ನು ಕಾರ್ಡಿನ ಬೆನ್ನಿನ ಮೇಲೆ ಇಟ್ಟಿದ್ದೆ. ಟೇಬಲ್ ಮೊದಲೇ ವಾರೆ ಇದ್ದರೆ ಲೆಕ್ಕ ತಪ್ಪುತ್ತದೆ, ಹಾಗಾಗಿ ಅದೇ ರಸಮಟ್ಟವನ್ನು ಕ್ಯಾಬಿನೆಟ್ ಮೇಲೂ ಇಟ್ಟು ಗುಳ್ಳೆ ಎರಡೂ ಕಡೆ ಒಂದೇ ಜಾಗದಲ್ಲಿ ನಿಲ್ಲುತ್ತದಾ ಅಂತ ನೋಡಿದೆ.

ಟೇಪ್ ಸುತ್ತಿದ ಕಡ್ಡಿಗಳನ್ನು ಹಿಡಿದು ಪರಿಚಯದ ಆಚಾರ್ರ ಹತ್ತಿರ ಹೋದೆ. ಸಕಲೇಶಪುರದ ಕಡೆಯ ತೋಟಗಳಿಂದ ಬಂದ ಸಿಲ್ವರ್ ಓಕ್ ತುಂಡುಗಳು ಅವರ ಶೆಡ್ಡಿನಲ್ಲಿ ಯಾವಾಗಲೂ ಇರುತ್ತವೆ. ಕಾಫಿ ಗಿಡಕ್ಕೆ ನೆರಳಿಗೆಂದು ಬೆಳೆಸುವ ಮರ. ವಿಷಯ ಹೇಳಿದೆ. ಮೊಬೈಲ್‌ನಲ್ಲಿ ಫೋಟೊ ತೋರಿಸಿದೆ. ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಹಾಕಿದರು.

“ಎಷ್ಟು ಭಾರ ಹೊರಬೇಕಪ್ಪಾ ಇದು?”

“ಒಂದೂವರೆ ಕೆಜಿ ಒಳಗೇ ಆಚಾರ್ರೇ. ಅರ್ಧ ಭಾರ ಆ ಕಡೆ ಹಿಡ್ಕೊಂಡಿರುತ್ತೆ.”

“ಭಾರ ಏನೂ ಅಲ್ಲ ಬಿಡು. ಆದ್ರೆ ಎಳೆ ನಿಂತಂಗೆ ಇರ್ಬೇಕು ಕಣಪ್ಪಾ, ಅಡ್ಡ ಮಲಗಿಸಿ ಕೊಯ್ದ್ರೆ ಮಳೆಗಾಲದಲ್ಲಿ ಉಬ್ಬುತ್ತೆ. ಮರ ಉಬ್ಬೋದು ಅಗಲಕ್ಕೆ, ಉದ್ದಕ್ಕಲ್ಲ.”

ಇದು ನನಗೆ ಹೊಳೆದಿರಲೇ ಇಲ್ಲ. ಹಾಸನದ ಜುಲೈ ತಿಂಗಳಲ್ಲಿ ರೂಮಿನ ಬಾಗಿಲೇ ಬಿಗಿಯಾಗಿ ಹಾಕಲು ಬರುವುದಿಲ್ಲ. ಸಕಲೇಶಪುರ, ಮೂಡಿಗೆರೆ ಕಡೆ ಇನ್ನೂ ಜಾಸ್ತಿ. ಎಳೆ ಅಡ್ಡ ಇದ್ದ ತುಂಡು ತೇವ ಕುಡಿದು ಎತ್ತರ ಹೆಚ್ಚಿಸಿಕೊಂಡರೆ ಕಾರ್ಡನ್ನು ಕೆಳಗಿನಿಂದ ಮೇಲಕ್ಕೆ ತಳ್ಳುತ್ತದೆ. ಎಳೆ ಉದ್ದಕ್ಕೆ ನಿಂತಿದ್ದರೆ ಎತ್ತರದಲ್ಲಿ ಲೆಕ್ಕಕ್ಕೆ ಸಿಗುವಷ್ಟು ವ್ಯತ್ಯಾಸ ಆಗುವುದಿಲ್ಲ. ಆಚಾರ್ರು ಒಣಗಿದ ತುಂಡನ್ನೇ ಆರಿಸಿ, ಬೆರಳು ದಪ್ಪದ ಚೌಕ ಕಂಬ ಮಾಡಿ, ಬುಡಕ್ಕೆ ಅಗಲವಾದ ಬಿಲ್ಲೆ ಅಂಟಿಸಿ ಕೊಟ್ಟರು. ಅಳತೆಗಿಂತ ಒಂದು ಮಿ.ಮೀ. ಉದ್ದ ಬಿಟ್ಟಿದ್ದರು. “ಕಮ್ಮಿ ಮಾಡೋದು ಸುಲಭ, ಜಾಸ್ತಿ ಮಾಡೋಕಾಗಲ್ಲ” ಅಂದರು. ದುಡ್ಡು ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. ಅವರ ಮೊಮ್ಮಗಳ ಹುಟ್ಟುಹಬ್ಬದ ವಿಡಿಯೊ ನಾನೇ ಮಾಡಿಕೊಟ್ಟೆ.

ಮನೆಗೆ ತಂದು ಮರಳುಕಾಗದದ ಮೇಲೆ ಉಜ್ಜುತ್ತಾ, ಒಳಗೆ ಇಟ್ಟು ನೋಡುತ್ತಾ ಎತ್ತರ ಇಳಿಸಿದೆ. ಮರದ ಪುಡಿ ಕ್ಯಾಬಿನೆಟ್‌ನೊಳಗೆ ಹೋಗದಂತೆ ಪ್ರತಿಸಲ ಬಟ್ಟೆಯಿಂದ ಒರೆಸಿಯೇ ಇಟ್ಟೆ. ತಲೆಗೆ ಕುರ್ಚಿಯ ಕಾಲಿಗೆ ಅಂಟಿಸುವ ಫೆಲ್ಟ್ ಬಿಲ್ಲೆ ಹಾಕಿದೆ. ಸೈಕಲ್ ಟ್ಯೂಬಿನ ರಬ್ಬರ್ ಕೈಗೆ ಸಿಕ್ಕಿತ್ತು, ಬೇಡ ಅಂದುಕೊಂಡೆ, ಬಿಸಿಗೆ ರಬ್ಬರ್ ಅಂಟಂಟಾಗಿ ಪ್ಲಾಸ್ಟಿಕ್ಕಿಗೆ ಕಚ್ಚಿಕೊಳ್ಳುತ್ತದೆ. ಬುಡಕ್ಕೆ ಎರಡೂ ಬದಿ ಅಂಟುವ ಟೇಪ್.

ಎತ್ತರ ಸರಿಯಾಯಿತಾ ಅಂತ ತಿಳಿಯಲು ನನ್ನ ಟೇಬಲ್ ಮೇಲೆ ಯಾವಾಗಲೂ ಇರುವ ವಸ್ತುವೇ ನೆರವಿಗೆ ಬಂತು, ಲಗ್ನಪತ್ರಿಕೆ. ದಪ್ಪ ಕಾಗದದ ಪತ್ರಿಕೆಯಿಂದ ಒಂದು ಪಟ್ಟಿ ಕತ್ತರಿಸಿ ಕಂಬ ಮತ್ತು ಕಾರ್ಡಿನ ನಡುವೆ ತೂರಿಸಿದೆ. ಸಲೀಸಾಗಿ ಹೋಗಿ ಬಂದರೆ ಕಂಬ ಗಿಡ್ಡ. ಹೋಗಲೇ ಇಲ್ಲದಿದ್ದರೆ ಎತ್ತರ ಜಾಸ್ತಿ. ಸ್ವಲ್ಪ ಉಜ್ಜಿಕೊಂಡು, ತಡೆಯುತ್ತಾ ಒಳಗೆ ಹೋಗಬೇಕು. ಹಾಗಾದಾಗ ನಿಲ್ಲಿಸಿದೆ.

ಕಂಬ ಕಾರ್ಡನ್ನು ಹೊರಬೇಕು, ಎತ್ತಬಾರದು. ಕೆಳಕ್ಕೆ ಬಾಗಿದ್ದನ್ನು ಸರಿಮಾಡುವ ಹುರುಪಿನಲ್ಲಿ ಮೇಲಕ್ಕೆ ಬಾಗಿಸಿದರೆ ಅದೇ ಬೋರ್ಡು, ಅದೇ ಮೂಲೆ, ಎಳೆತ ಮಾತ್ರ ಉಲ್ಟಾ. ತಿರುಗಿಸಿ ಎತ್ತರಿಸುವ ಲೋಹದ ಸ್ಟ್ಯಾಂಡ್ ಇಟ್ಟುಕೊಂಡವರು ಇದನ್ನು ನೆನಪಿಡಿ. ಅದರಲ್ಲಿ ಬೆರಳಿನ ಒಂದು ಸುತ್ತಿಗೆ ಎಷ್ಟು ಬಲ ಹೋಗುತ್ತದೆ ಅಂತ ಕೈಗೆ ಗೊತ್ತೇ ಆಗುವುದಿಲ್ಲ. ಅರ್ಧ ಮಿ.ಮೀ. ಇಳಿತ ಉಳಿದರೂ ನಷ್ಟವಿಲ್ಲ.

ಕಂಪ್ಯೂಟರ್ ಆನ್ ಮಾಡಿ, ಜಿಪಿಯು-ಝಡ್ ಎನ್ನುವ ಪುಕ್ಕಟೆ ಸಾಫ್ಟ್‌ವೇರ್‌ನಲ್ಲಿ ನೋಡಿದೆ. ಕಾರ್ಡು ಸ್ಲಾಟಿನಲ್ಲಿ ಸರಿಯಾಗಿ ಕೂತಿದ್ದರೆ ಎಕ್ಸ್16, ಅಂದರೆ ಹದಿನಾರೂ ದಾರಿ ಜೋಡಣೆಯಾಗಿವೆ, ಅಂತ ತೋರಿಸಬೇಕು. ಎಕ್ಸ್8 ಅಥವಾ ಅದಕ್ಕಿಂತ ಕಮ್ಮಿ ಬಂದರೆ ಮತ್ತೆ ಬಿಚ್ಚಿ ಕೂರಿಸಿ ನೋಡಬೇಕು. ಕೆಲವು ಮದರ್‌ಬೋರ್ಡುಗಳು ಎರಡನೇ ಎಸ್‌ಎಸ್‌ಡಿ ಹಾಕಿದಾಗ ತಾವಾಗಿಯೇ ಎಕ್ಸ್8 ಮಾಡುತ್ತವೆ, ಮೊದಲು ಕೈಪಿಡಿ ನೋಡಿಕೊಳ್ಳಿ. ಪಕ್ಕದಲ್ಲಿ ಪಿಸಿಐ ಎಕ್ಸ್‌ಪ್ರೆಸ್ ಪೀಳಿಗೆಯ ಅಂಕಿಯಾಗಿ ತೋರಿಸುವ ವೇಗ ಸುಮ್ಮನಿದ್ದಾಗ 1.1ಕ್ಕೆ ಇಳಿದಿರುತ್ತದೆ, ಕರೆಂಟು ಉಳಿಸಲು ಕಾರ್ಡು ಮಾಡುವ ಕೆಲಸ ಅದು. ಅಲ್ಲೇ ಇರುವ ಪ್ರಶ್ನೆ ಗುರುತು ಒತ್ತಿ ಪರೀಕ್ಷೆ ಓಡಿಸಿದರೆ ಪೂರ್ತಿ ವೇಗಕ್ಕೆ ಏರುತ್ತದೆ. ನನ್ನದು 16, ವೇಗ 4.0.

ಆಮೇಲೆ ಒಂದು ಉದ್ದನೆಯ ಮದುವೆ ರೆಂಡರ್‌ಗೆ ಇಟ್ಟೆ. ಮೂರೂ ಫ್ಯಾನು ಪೂರ್ತಿ ತಿರುಗುವಾಗ ಕಂಬಕ್ಕೆ ಏನೂ ತಾಗುತ್ತಿಲ್ಲ, ಗರಗರ ಸದ್ದಿಲ್ಲ ಎನ್ನುವುದನ್ನು ಕಿವಿಯಿಟ್ಟು ಕೇಳಿದೆ. ಕಾರ್ಡು ಚೆನ್ನಾಗಿ ಕಾದ ಮೇಲೆ ಪತ್ರಿಕೆಯ ಪಟ್ಟಿ ಮತ್ತೆ ತೂರಿಸಿ ನೋಡಿದೆ, ಹಿಡಿತ ಹಾಗೇ ಇತ್ತು. ಬಿಸಿಯ ಅಂಕಿ ಮೊದಲಿನಷ್ಟೇ. ಅದು ಇಳಿಯಬೇಕೆಂದೇನೂ ನಾನು ನಿರೀಕ್ಷಿಸಿರಲಿಲ್ಲ. ಕಂಬದ ಕೆಲಸ ಬೇರೆ.

ಮಳೆಗಾಲ ಕಳೆಯಿತು. ಆಚಾರ್ರು ಹೇಳಿದಂತೆ ಕಂಬದ ಎತ್ತರ ಬದಲಾಗಲಿಲ್ಲ. ಬದಲಾದದ್ದು ಫೆಲ್ಟ್. ಭಾರಕ್ಕೆ ಅಮರಿ ತೆಳುವಾಗಿತ್ತು, ಪಟ್ಟಿ ಸಲೀಸಾಗಿ ಹೋಗತೊಡಗಿತ್ತು. ಲಗ್ನಪತ್ರಿಕೆಯದೇ ಒಂದು ಚೂರನ್ನು ಫೆಲ್ಟಿನ ಅಡಿಗೆ ಅಂಟಿಸಿದೆ, ಸರಿಹೋಯಿತು. ಕ್ಯಾಬಿನೆಟ್ ಧೂಳು ತೆಗೆಯುವಾಗಲೆಲ್ಲ ಇದನ್ನೂ ಒಮ್ಮೆ ನೋಡಿಕೊಳ್ಳುತ್ತೇನೆ.

ಮದುವೆ ದಿನವೇ ವಿಡಿಯೊ ಎಡಿಟ್ ಮಾಡಿ ಸಂಜೆ ರಿಸೆಪ್ಷನ್‌ನಲ್ಲಿ ತೋರಿಸುವ ಕೆಲಸ ಬಂದರೆ ಈ ಕಂಪ್ಯೂಟರನ್ನೇ ಕಾರಿನಲ್ಲಿ ಹಾಕಿಕೊಂಡು ಸಕಲೇಶಪುರ, ಬೇಲೂರು, ಚಿಕ್ಕಮಗಳೂರಿಗೆ ಹೋಗುತ್ತೇನೆ. ಅಂಥ ಪ್ರಯಾಣದಲ್ಲಿ ಕಂಬವನ್ನು ನಂಬಬೇಡಿ. ಹಂಪ್ ಹಾರಿದಾಗ ಕಾರ್ಡು ಮೇಲಕ್ಕೆ ಕುಪ್ಪಳಿಸುತ್ತದೆ, ಕಂಬ ಜಾರಿ ಫ್ಯಾನಿನೊಳಗೆ ಬೀಳಬಹುದು. ಕಂಬವನ್ನು ತೆಗೆದು ಕೈಚೀಲದಲ್ಲಿ ಇಟ್ಟುಕೊಳ್ಳುತ್ತೇನೆ. ಹತ್ತಿರದ ಊರಾದರೆ ಕ್ಯಾಬಿನೆಟ್ಟನ್ನು ಗಾಜು ಮೇಲೆ ಬರುವ ಹಾಗೆ ಹಿಂದಿನ ಸೀಟಿನ ಮೇಲೆ ಮಲಗಿಸಿ, ಅಡಿಗೆ ದಪ್ಪ ರಗ್ಗು ಹಾಸಿ, ಬೆಲ್ಟು ಹಾಕುತ್ತೇನೆ. ದೂರದ ಊರಾದರೆ, ಪಾರ್ಸೆಲ್ ಕಳಿಸುವುದಾದರೆ, ಕಾರ್ಡನ್ನು ಪೂರ್ತಿ ಬಿಚ್ಚಿ ಅದರ ಡಬ್ಬಿಯಲ್ಲೇ ಬೇರೆ ಇಡಬೇಕು. ಹಾಗಾಗಿ ಡಬ್ಬಿ, ಒಳಗಿನ ಫೋಮು, ಹಲ್ಲಿನ ಮೇಲಿನ ಪ್ಲಾಸ್ಟಿಕ್ ಟೊಪ್ಪಿ ಯಾವುದನ್ನೂ ಎಸೆಯಬೇಡಿ.

ಮೂಡಿಗೆರೆಯ ಗೆಳೆಯನೊಬ್ಬ ನನ್ನ ಕಂಬದ ಉದ್ದ ಕೇಳಿದ್ದಾನೆ, ಅದೇ ಅಳತೆಗೆ ಕೊಯ್ಯಿಸಿಕೊಳ್ಳಲು. ಅವನ ಕ್ಯಾಬಿನೆಟ್ ಬೇರೆ, ಕಾರ್ಡು ಬೇರೆ. ಮೊದಲು ಮಲಗಿಸಿ ಸ್ಕ್ರೂ ಬಿಗಿ, ಆಮೇಲೆ ನಿಲ್ಲಿಸಿ ಕಡ್ಡಿ ಹಿಡಿದು ನೀನೇ ಅಳತೆ ತೆಗೆ, ಅದನ್ನು ಕಳಿಸು ಅಂದಿದ್ದೇನೆ. ಮರ ನಾನು ಕೊಯ್ಯಿಸಿ ಕೊಡುತ್ತೇನೆ.